ಗೂಡ್ಸ್ ರೈಲಿನ ನೆತ್ತಿಯಿಂದ ಕಂಡ ವಲಸೆ: ಸೋನಿಯಾ ನಜಾರಿಯೊ ಅವರ ‘ಎನ್ರಿಕೇಸ್ ಜರ್ನಿ’

ವಲಸೆಯ ಕುರಿತ ಬರಹಗಳು ಸಾಮಾನ್ಯವಾಗಿ ಗಡಿಬೇಲಿಯ ಬಳಿ ಶುರುವಾಗಿ ಅಲ್ಲಿಯೇ ಮುಗಿದುಬಿಡುತ್ತವೆ. ಲಾಸ್ ಏಂಜಲೀಸ್ ಟೈಮ್ಸ್ ಪತ್ರಿಕೆಯ ವರದಿಗಾರ್ತಿಯಾಗಿದ್ದ ಸೋನಿಯಾ ನಜಾರಿಯೊ ಅವರ ಈ ಪುಸ್ತಕ ತೆರೆದುಕೊಳ್ಳುವುದು ಹೊಂಡುರಾಸ್ ದೇಶದ ಒಂದು ಬಡ ಮನೆಯ ಜಗಲಿಯಲ್ಲಿ. 1989ರಲ್ಲಿ ಲೂರ್ಡೆಸ್ ಎಂಬ ತಾಯಿ, ಹೋಗಿಬರುತ್ತೇನೆಂದು ಹೇಳಲೂ ಬಾಯಿ ಬಾರದೆ, ಐದು ವರ್ಷದ ಮಗನನ್ನು ಬಿಟ್ಟು ದುಡಿಮೆಗಾಗಿ ಅಮೆರಿಕಕ್ಕೆ ಹೊರಡುತ್ತಾಳೆ. ಹನ್ನೊಂದು ವರ್ಷ ಕಾದ ಎನ್ರಿಕೆ ಕೊನೆಗೆ ತಾನೇ ಅವಳನ್ನು ಹುಡುಕಿಕೊಂಡು ಹೊರಟು, ಏಳು ಸಲ ಸೋತು, ಎಂಟನೆಯ ಪ್ರಯತ್ನದಲ್ಲಿ ಗಡಿ ದಾಟುತ್ತಾನೆ.

ನಜಾರಿಯೊ ಅವರಿಗೆ ಈ ವಸ್ತು ಸಿಕ್ಕಿದ್ದು ಸ್ವಂತ ಅಡುಗೆಮನೆಯಲ್ಲಿ. ಮನೆ ಶುಚಿ ಮಾಡಲು ಬರುತ್ತಿದ್ದ ಹೆಂಗಸು ನಾಲ್ಕು ಮಕ್ಕಳನ್ನು ಗ್ವಾಟೆಮಾಲಾದಲ್ಲಿ ಬಿಟ್ಟು ಬಂದವಳೆಂದು 1997ರಲ್ಲಿ ತಿಳಿದಾಗ ಅವರು ಬೆಚ್ಚಿಬಿದ್ದರು. ಕ್ಯಾಲಿಫೋರ್ನಿಯಾದ ಶಾಲಾಮಕ್ಕಳ ಹಸಿವಿನ ಬಗ್ಗೆ ಬರೆದು ಅದಾಗಲೇ ಜಾರ್ಜ್ ಪೋಕ್ ಪ್ರಶಸ್ತಿ ಪಡೆದಿದ್ದ ಈ ಪತ್ರಕರ್ತೆ, ಹುಡುಗನ ಬಾಯಿಮಾತಿನ ವಿವರಣೆಯನ್ನಷ್ಟೇ ನೆಚ್ಚಿಕೊಳ್ಳದೆ, ಹೊಂಡುರಾಸ್‌ನಿಂದ ಅವನ ಜಾಡನ್ನೇ ಹಿಡಿದು, ಮೆಕ್ಸಿಕೊದ ಉದ್ದಕ್ಕೂ ಗೂಡ್ಸ್ ರೈಲುಗಳ ನೆತ್ತಿಯ ಮೇಲೆ ಕೂತು ಪಯಣಿಸಿದರು. ಒಮ್ಮೆ ಮರದ ಕೊಂಬೆ ಬಡಿದು ಅವರೇ ಕೆಳಗುರುಳುವುದರಲ್ಲಿದ್ದರು. ಚಿಯಾಪಾಸ್‌ನಲ್ಲಿ ದರೋಡೆಕೋರರನ್ನೂ ಪೊಲೀಸರನ್ನೂ ಒಂದೇ ಭಯದಿಂದ ನೋಡುವ ಹುಡುಗರಿಗೆ, ವೆರಾಕ್ರೂಜ್ ಸೀಮೆಯಲ್ಲಿ ಹಳಿಯ ಪಕ್ಕದ ಬಡ ಹಳ್ಳಿಗರು ಓಡುವ ರೈಲಿನತ್ತ ರೊಟ್ಟಿ, ಬಾಳೆಹಣ್ಣುಗಳನ್ನು ಎಸೆಯುವ ಪುಟಗಳನ್ನು ನಾನು ಎರಡು ಸಲ ಓದಿದೆ.

ಜೀವಕ್ಕೆ ತಕ್ಷಣದ ಅಪಾಯವಿಲ್ಲದಿದ್ದರೆ ತಾವು ನೋಡುತ್ತಿರುವ ಮಕ್ಕಳಿಗೆ ನೆರವಾಗಬಾರದು ಎಂಬುದು ಲೇಖಕಿಯ ನಿಯಮ. ವರದಿಯ ಸತ್ಯಕ್ಕೆ ಇದು ಅಗತ್ಯವೆಂದು ಬುದ್ಧಿ ಒಪ್ಪುತ್ತದೆ, ಆದರೂ ಓದುವಾಗ ನನಗೆ ಕಸಿವಿಸಿಯಾಯಿತು. ಅಜ್ಜಿಯ ಬಳಿ ಮಕ್ಕಳನ್ನು ಬಿಟ್ಟು ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಬರುವ ರಾಯಚೂರು, ಯಾದಗಿರಿಯ ತಾಯಂದಿರನ್ನು ಕಂಡವರಿಗೆ ಲೂರ್ಡೆಸ್ ಹೊರಗಿನವಳೆನಿಸುವುದಿಲ್ಲ. ಮಗ ತಾಯಿಯನ್ನು ಸೇರಿದ ಮೇಲೆ ಇಬ್ಬರ ನಡುವೆ ಹೊತ್ತಿಕೊಳ್ಳುವ ಸಿಟ್ಟನ್ನು ಮುಚ್ಚಿಡದಿರುವುದು ಪುಸ್ತಕದ ದೊಡ್ಡ ಗುಣ. ವಲಸೆ ನೀತಿಯ ಚರ್ಚೆಗೆ ಮೀಸಲಾದ ಕೊನೆಯ ಭಾಗ ಮಾತ್ರ ಸರ್ಕಾರಿ ವರದಿಯಂತೆ ಒಣಗಿದೆ.

ಆರು ಕಂತುಗಳ ಮೂಲ ಲೇಖನಮಾಲೆ 2002ರಲ್ಲಿ ಪ್ರಕಟವಾಗಿ, ಮರುವರ್ಷ ನಜಾರಿಯೊ ಅವರಿಗೂ ಛಾಯಾಗ್ರಾಹಕ ಡಾನ್ ಬಾರ್ಟ್‌ಲೆಟಿ ಅವರಿಗೂ ಪುಲಿಟ್ಜರ್ ಪ್ರಶಸ್ತಿ ತಂದಿತು, ಪುಸ್ತಕವಾದದ್ದು 2006ರಲ್ಲಿ. ನಾನು ಆನ್‌ಲೈನ್‌ನಲ್ಲಿ ತರಿಸಿದ ಪೇಪರ್‌ಬ್ಯಾಕ್ ಪ್ರತಿಯ ಬೆನ್ನಿನ ಅಂಟು ಮೊದಲ ಓದಿಗೇ ಬಿಟ್ಟುಕೊಂಡಿತು. ಇಂಗ್ಲಿಷ್ ಸರಳವಾಗಿದೆ, ವಾಕ್ಯಗಳು ಚಿಕ್ಕವು. ಹೈಸ್ಕೂಲು ಮಕ್ಕಳಿಗೆಂದೇ ಸಿದ್ಧಪಡಿಸಿದ ಇನ್ನೊಂದು ಆವೃತ್ತಿ 2013ರಲ್ಲಿ ಬಂದಿದೆ. ಎರಡರ ಹೆಸರೂ ಒಂದೇ ಆಗಿರುವುದರಿಂದ, ಆರ್ಡರ್ ಮಾಡುವ ಮುನ್ನ ಯಾವ ಆವೃತ್ತಿಯೆಂದು ನೋಡಿಕೊಳ್ಳುವುದು ಒಳ್ಳೆಯದು.