ಜರ್ಮನಿಗೆ ಬರೋರು ಗಮನಿಸಿ: ಆನ್‌ಮೆಲ್ಡುಂಗ್ (ವಿಳಾಸ ರಿಜಿಸ್ಟ್ರೇಷನ್) ಇಲ್ಲದ ರೂಮಿಗೆ ದುಡ್ಡು ಕಟ್ಬೇಡಿ

ಅಕ್ಟೋಬರ್ ಸೆಮಿಸ್ಟರಿಗೆ ಮ್ಯೂನಿಕ್‌ಗೆ ಬರೋರು ದಯವಿಟ್ಟು ಪೂರ್ತಿ ಓದಿ. ಫ್ಲೈಟ್ ಹತ್ತೋ ಮುಂಚೆ ರೂಮ್ ಫಿಕ್ಸ್ ಆಗ್ಬೇಕು ಅನ್ನೋ ಆತಂಕ ಎಲ್ರಿಗೂ ಇರತ್ತೆ, ಅದನ್ನೇ ಬಂಡವಾಳ ಮಾಡ್ಕೊಳ್ಳೋರು ಇಲ್ಲಿದಾರೆ. ನಂಗೆ ರೂಮ್ ಕೊಟ್ಟೋರು ನಮ್ಮ ಕಡೆಯವ್ರೇ, ಕನ್ನಡದಲ್ಲೇ ಮಾತಾಡಿ, ವಿಡಿಯೋ ಕಾಲಲ್ಲಿ ರೂಮ್ ತೋರ್ಸಿ, ಹೀಟಿಂಗ್ ಎಲ್ಲ ಸೇರಿದ ಬಾಡಿಗೆಯ ಮೂರು ಪಟ್ಟು ಡೆಪಾಸಿಟ್ ಒಂದೇ ಸಲ ತಗೊಂಡ್ರು. ರೂಮೇನೋ ಚೆನ್ನಾಗಿತ್ತು, ಆದ್ರೆ ಆನ್‌ಮೆಲ್ಡುಂಗ್‌ಗೆ ಪತ್ರ ಕೊಡ್ಲಿಲ್ಲ.

ಇಲ್ಲಿ ಮನೆ ಸೇರಿದ 2 ವಾರದೊಳಗೆ ಸಿಟಿ ಆಫೀಸಲ್ಲಿ ವಿಳಾಸ ರಿಜಿಸ್ಟರ್ ಮಾಡಿಸ್ಬೇಕು, ಅದಕ್ಕೆ ಮನೆ ಕೊಟ್ಟೋರು ಸೈನ್ ಹಾಕಿದ ಪತ್ರ ಬೇಕೇ ಬೇಕು. "ಮುಂದಿನ ವಾರ ಕೊಡ್ತೀನಿ ಕಣಪ್ಪ" ಅಂತ ಎಳೀತಾ ಎಳೀತಾ ಕೊನೆಗೆ "ಓನರ್‌ಗೆ ಗೊತ್ತಾದ್ರೆ ನನ್ನನ್ನೇ ಖಾಲಿ ಮಾಡಿಸ್ತಾನೆ" ಅಂದ್ರು. ಅಂದ್ರೆ ಅವ್ರೂ ಬಾಡಿಗೆಗೇ ಇರೋದು, ಓನರ್‌ಗೆ ಹೇಳ್ದೆ ನಂಗೆ ಒಳಬಾಡಿಗೆ ಕೊಟ್ಟಿದ್ರು. ಕೆಳಗಡೆ ಲೆಟರ್ ಬಾಕ್ಸ್ ಮೇಲೆ ನಾನು ಹೆಸರಿನ ಚೀಟಿ ಅಂಟಿಸಿದ್ರೆ ಸಂಜೆಯೊಳಗೆ ಕಿತ್ತಾಕ್ತಿದ್ರು, ಬರೀ ಗೋಂದಿನ ಗುರುತು ಉಳೀತಿತ್ತು. ಬಾಕ್ಸ್ ಮೇಲೆ ಹೆಸರಿಲ್ಲ ಅಂದ್ರೆ ಇಲ್ಲಿ ಕಾಗದ ವಾಪಸ್ ಹೋಗತ್ತೆ, ಬ್ಯಾಂಕ್ ಕಾರ್ಡ್, ಇನ್ಶೂರೆನ್ಸ್ ಕಾರ್ಡ್ ಎಲ್ಲ ಬರೋದು ಪೋಸ್ಟಲ್ಲೇ. ಟ್ಯಾಕ್ಸ್ ನಂಬರೂ ರಿಜಿಸ್ಟರ್ ಆದ್ಮೇಲೆ ಅದೇ ವಿಳಾಸಕ್ಕೆ ಬರತ್ತೆ, ಅದಿಲ್ಲ ಅಂತ ಪಾರ್ಟ್‌ಟೈಮ್ ಸಂಬಳದಲ್ಲಿ ಸಿಕ್ಕಾಪಟ್ಟೆ ಟ್ಯಾಕ್ಸ್ ಹಿಡ್ಕೊಂಡ್ರು.

ವೀಸಾಕ್ಕೆ ಅಂತ ಒಂದು ವರ್ಷದ ಖರ್ಚಿನ ದುಡ್ಡು ಮೊದಲೇ ಕಟ್ಟಿಡೋ ಬ್ಲಾಕ್ಡ್ ಅಕೌಂಟಿಂದ ತಿಂಗಳಿಗೆ ಸಿಗೋದು 992 ಯೂರೋ. ಈ ಊರಲ್ಲಿ ಒಂದು ರೂಮಿಗೇ ಸಲೀಸಾಗಿ 700 ಹೋಗತ್ತೆ, ಇನ್ಶೂರೆನ್ಸ್ 140ರ ಮೇಲೆ, ಉಳಿದಿದ್ರಲ್ಲಿ ಊಟ, ಓಡಾಟ. ಇದ್ರಲ್ಲಿ ಡೆಪಾಸಿಟ್ ಸಿಕ್ಕಾಕೊಂಡ್ರೆ ಅಪ್ಪ ಅಮ್ಮನ ಹತ್ರ ಮತ್ತೆ ಕೈ ಚಾಚ್ಬೇಕು, ಅದು ಎಷ್ಟು ಸಂಕಟ ಅಂತ ಹೇಳೋಕಾಗಲ್ಲ.

ಕಾನೂನು ನಮ್ಮ ಪರ ಇದೆ. ಡೆಪಾಸಿಟ್ 3 ತಿಂಗಳ ಕಾಲ್ಟ್ ಬಾಡಿಗೆ ದಾಟಂಗಿಲ್ಲ, ಅಂದ್ರೆ ಹೀಟಿಂಗ್, ನೀರು ಎಲ್ಲ ಬಿಟ್ಟು, ಅದನ್ನೂ 3 ಕಂತಲ್ಲಿ ಕಟ್ಬಹುದು. ರಿಜಿಸ್ಟ್ರೇಷನ್ ಪತ್ರ ಕೊಡದೇ ಇದ್ರೆ 1,000 ಯೂರೋವರೆಗೆ ದಂಡ ಬೀಳಬಹುದು. ಹಾಗಾಗಿ ದುಡ್ಡು ಕಳಿಸೋ ಮುಂಚೆ ಆನ್‌ಮೆಲ್ಡುಂಗ್ ಆಗತ್ತಾ, ಓನರ್ ಒಪ್ಪಿಗೆ ಇದೆಯಾ ಅಂತ ಬರವಣಿಗೆಯಲ್ಲೇ ತಗೊಳ್ಳಿ, "ನಮ್ಮವ್ರಲ್ವಾ, ನಂಬು" ಅಂದ್ರೆ ಬಿಟ್ಬಿಡಿ. ಅಡ್ಮಿಷನ್ ಸಿಕ್ಕಿದ ದಿನವೇ ಸ್ಟೂಡೆಂಟ್ ಹಾಸ್ಟೆಲ್‌ಗೆ ಅರ್ಜಿ ಹಾಕಿ, ವೇಟಿಂಗ್ ಲಿಸ್ಟ್ ಉದ್ದ ಇರತ್ತೆ. ನಾನು ಬೇರೆ ಕಡೆ ಬಂದಿದೀನಿ, ಡೆಪಾಸಿಟ್ ಇನ್ನೂ ವಾಪಸ್ ಬಂದಿಲ್ಲ, ಬಾಡಿಗೆದಾರರ ಸಂಘಕ್ಕೆ ಸೇರಿ ಅವ್ರ ಕೈಲಿ ನೋಟಿಸ್ ಬರೆಸ್ತಿದೀನಿ.