ರೋಲ್ ಸವೆದಿದೆ ಅಂತ ಹೇಳಿದ ಲೈನನ್ನ ಡಿಕಾಯ್ಲರಲ್ಲೇ ಸರಿ ಮಾಡಿ ಕೊಟ್ಟ ಬೈಕಂಪಾಡಿಯ ವರ್ಕ್‌ಶಾಪ್

ಶೀಟ್ ಲೈನ್ ಇಟ್ಕೊಂಡವ್ರಿಗೆ ಉಪಯೋಗ ಆಗ್ಲಿ ಅಂತ ಬರೀತಿದ್ದೇನೆ, ಸ್ವಲ್ಪ ಉದ್ದ ಉಂಟು. ನಮ್ದು ಉಡುಪಿ ಜಿಲ್ಲೆಯ ನಂದಿಕೂರು ಕಡೆ ರೂಫಿಂಗ್ ಶೀಟ್ ಮಾಡುವ ಸಣ್ಣ ಯೂನಿಟ್, ಒಂದು ರೋಲ್ ಫಾರ್ಮಿಂಗ್ ಲೈನ್ (ತಗಡನ್ನ ಸಾಲು ರೋಲುಗಳ ಮಧ್ಯೆ ಹಾಯಿಸಿ ಶೀಟಿನ ಆಕಾರ ಕೊಡುವ ಮೆಷಿನ್), ಅದ್ರ ಹಿಂದೆ 5 ಟನ್ನಿನ ಹೈಡ್ರಾಲಿಕ್ ಡಿಕಾಯ್ಲರ್, ಅಂದ್ರೆ ಸುತ್ತಿದ ತಗಡಿನ ಕಾಯ್ಲನ್ನ ಹೊತ್ತು ಬಿಚ್ಚಿ ಕೊಡುವ ಮೆಷಿನ್. ನಮ್ಮೂರಲ್ಲಿ ವರ್ಷಕ್ಕೆ 3500 ಮಿಲಿಮೀಟರ್ ದಾಟಿ ಮಳೆ ಬರ್ತದೆ, ಟೆರೇಸ್ ಮನೆಗೂ ಮೇಲಿಂದ ಶೀಟ್ ಹಾಕ್ತಾರೆ, ಪತ್ತನಾಜೆ (ಮೇ 24ರ ಆಸುಪಾಸು, ಮಳೆಗಾಲದ ಮೊದ್ಲು) ಒಳಗೆ ಮುಗಿಸಿ ಕೊಡಿ ಅಂತ ಎಲ್ಲರೂ ಒಟ್ಟಿಗೆ ಬರ್ತಾರೆ. ಆ ಟೈಮಲ್ಲೇ ನಮ್ಮ ಲೈನ್ ಕೈ ಕೊಡ್ಲಿಕ್ಕೆ ಶುರು ಮಾಡಿದ್ದು.

ಕಂಪ್ಲೇಂಟ್ ಮೂರು ಇತ್ತು. ಶೀಟಿನ ಒಂದು ಅಂಚು ಅಲೆ ಅಲೆ ಬರ್ತಿತ್ತು, ಲ್ಯಾಪ್ (ಒಂದು ಶೀಟಿನ ಮೇಲೆ ಇನ್ನೊಂದು ಕೂರುವ ಅಂಚು) ಸರಿ ಕೂರ್ತಿರ್ಲಿಲ್ಲ. ಕಾಯ್ಲ್ ಮುಗೀತಾ ಬಂದ ಹಾಗೆ ಶೀಟ್ ಉದ್ದ ಕಮ್ಮಿ ಆಗ್ತಾ ಹೋಗ್ತಿತ್ತು, 6 ಮೀಟರ್ ಹಾಕಿದ್ರೆ ಸೆಂಟಿಮೀಟರ್ ಹತ್ರ ಕಮ್ಮಿ. ಮತ್ತೆ ಒಳಗಿನ ಸುತ್ತುಗಳಲ್ಲಿ ಪೇಂಟಿನ ಮೇಲೆ ಗೀರು. ಮೊದ್ಲು ಬೇರೆ ಒಬ್ರನ್ನ ಕರೆಸಿದ್ದು, ಅವ್ರು ಲೈನ್ ಓಡಿಸಿ ನೋಡಿ ರೋಲ್ ಸವೆದಿದೆ, ಎಲ್ಲ ಸ್ಟ್ಯಾಂಡಿನ ರೋಲ್ ಬಿಚ್ಚಿ ಗ್ರೈಂಡಿಂಗಿಗೆ ಕಳಿಸ್ಬೇಕು ಅಂತ ದೊಡ್ಡ ಕೊಟೇಶನ್ ಕೊಟ್ರು, ಹೋಗುವಾಗ ಡಿಕಾಯ್ಲರಿನ ಬ್ರೇಕ್ ಟೈಟ್ ಮಾಡಿ ಹೋದ್ರು. ಆಮೇಲೆ ಉದ್ದದ ತೊಂದ್ರೆ ಇನ್ನೂ ಜಾಸ್ತಿ ಆಯ್ತು.

ಆಗ ಪರಿಚಯದವ್ರು ಹೇಳಿದ್ದು ಮಂಗಳೂರಿನ ಬೈಕಂಪಾಡಿ ಇಂಡಸ್ಟ್ರಿಯಲ್ ಏರಿಯಾದ ಈ ಹೈಡ್ರಾಲಿಕ್ ವರ್ಕ್‌ಶಾಪಿನವ್ರನ್ನ. ಬಂದದ್ದು ವಯಸ್ಸಾದ ಒಬ್ರು ಫಿಟ್ಟರ್, ಜೊತೆಗೆ ಒಬ್ಬ ಹುಡುಗ. ನಾನು ರೋಲಿನ ಕಡೆ ಕರ್ಕೊಂಡು ಹೋದ್ರೆ ಅವ್ರು ನಿಲ್ಲದೆ ಸೀದ ಹಿಂದೆ ಹೋದ್ರು. "ಅದು ಆಮೇಲೆ ನೋಡುವ ಸರ್, ತಗಡು ಹೊರಡುವುದು ಎಲ್ಲಿಂದ? ಅಲ್ಲಿಂದ ಶುರು ಮಾಡುವ" ಅಂದ್ರು. ನನಗೆ ಇವ್ರ ಮೇಲೆ ನಂಬಿಕೆ ಬಂದದ್ದು ಅಲ್ಲೇ.

ಮೊದ್ಲು ಮಾಡಿದ್ದು ಚಾಕ್ ಪೀಸಿನ ಕೆಲಸ. ಲೈನ್ ನಿಲ್ಸಿ, ಕಾಯ್ಲಿನ ಒಳಗಿನ ಸುತ್ತಿನ ಅಂಚಿಗೂ ಅದಕ್ಕೆ ತಾಗಿದ ಮ್ಯಾಂಡ್ರಲ್ ಸೆಗ್ಮೆಂಟಿಗೂ ಸೇರಿಸಿ ಒಂದು ಗೆರೆ ಎಳೆದ್ರು (ಕಾಯ್ಲಿನ ಒಳಗೆ ಕೂತು ಅಗಲ ಆಗಿ ಅದನ್ನ ಹಿಡಿಯುವ ಡ್ರಮ್ಮೇ ಮ್ಯಾಂಡ್ರಲ್, ಅದ್ರ ತುಂಡುಗಳು ಸೆಗ್ಮೆಂಟ್). ಮತ್ತೆ ಕೆಲವು ಶೀಟ್ ಓಡಿಸ್ಲಿಕ್ಕೆ ಹೇಳಿದ್ರು. ನಿಲ್ಸಿ ನೋಡಿದ್ರೆ ಸೆಗ್ಮೆಂಟಿನ ಗೆರೆ ಒಂದು ಕಡೆ, ಕಾಯ್ಲಿನ ಗೆರೆ ಇನ್ನೊಂದು ಕಡೆ, ಮಧ್ಯೆ ನಾಲ್ಕು ಬೆರಳು ಅಂತರ. ಅಂದ್ರೆ ಮ್ಯಾಂಡ್ರಲ್ ಕಾಯ್ಲನ್ನ ಗಟ್ಟಿ ಹಿಡೀತಾ ಇಲ್ಲ, ಕಾಯ್ಲ್ ಅದ್ರ ಮೇಲೆ ಜಾರ್ತಾ ಉಂಟು. ಪೇಂಟಿನ ಗೀರು ಅಲ್ಲಿಂದಲೇ.

ಯಾಕೆ ಹಿಡಿಯೋದಿಲ್ಲ ಅಂತ ನೋಡ್ಲಿಕ್ಕೆ ಕಾಯ್ಲ್ ಇಳಿಸಿ ಖಾಲಿ ಮ್ಯಾಂಡ್ರಲ್ ಪೂರ್ತಿ ಅಗಲ ಮಾಡಿ, ಪವರ್ ಪ್ಯಾಕ್ (ಆಯಿಲಿನ ಪಂಪು, ಟ್ಯಾಂಕ್ ಇರುವ ಯೂನಿಟ್) ಆಫ್ ಮಾಡಿ ಗೇಜ್ ಮೇಲೆ ಕಣ್ಣಿಟ್ಟು ಕೂತ್ರು. ಮುಳ್ಳು ಮೆಲ್ಲ ಇಳೀತಾ ಬಂತು, ಆದ್ರೆ ಮ್ಯಾಂಡ್ರಲ್ ಅಗಲ ಮಾಡುವ ಸಿಲಿಂಡರಿಂದ ಹೊರಗೆ ಎಲ್ಲಿಯೂ ಎಣ್ಣೆ ಹನಿ ಇಲ್ಲ. ಅಂದ್ರೆ ಒಂದಾ ಸಿಲಿಂಡರ್ ಒಳಗೆ ಪಿಸ್ಟನ್ ಸೀಲ್ ಹೋಗಿ ಆಯಿಲ್ ಆಚೆ ಬದಿಗೆ ಹೋಗ್ತಿದೆ, ಇಲ್ಲ ಪ್ರೆಶರ್ ಹಿಡಿದಿಡುವ ಚೆಕ್ ವಾಲ್ವ್ ಸರಿ ಕೂರ್ತಾ ಇಲ್ಲ. ಸಿಲಿಂಡರ್ ಬಿಚ್ಚಿದ್ರೆ ಸೀಲಿನ ತುಟಿ ಹರಿದಿತ್ತು. ಆಯಿಲ್ ಹಾಲಿನ ಹಾಗೆ ಬೆಳ್ಳಗಾಗಿತ್ತು, ನೀರು ಸೇರಿದ್ರೆ ಹಾಗೇ ಆಗೋದು. ಟ್ಯಾಂಕಿನ ಬ್ರೀದರ್ ಕ್ಯಾಪ್ (ಗಾಳಿ ಆಡುವ ಮುಚ್ಚಳ) ಸಡಿಲ ಇತ್ತು, ನಮ್ಮ ಕರಾವಳಿಯ ಗಾಳಿಯಲ್ಲಿ ರಾತ್ರಿ ಟ್ಯಾಂಕ್ ತಣ್ಣಗಾಗುವಾಗ ಆ ತೇವ ಎಲ್ಲ ಒಳಗೆ ಹೋಗಿ ನೀರಾಗ್ತದೆ. ಸೀಲ್ ಕಿಟ್ ಹಾಕಿ, ಟ್ಯಾಂಕ್ ಒರೆಸಿ, ಹೊಸ 68 ನಂಬರ್ ಹೈಡ್ರಾಲಿಕ್ ಆಯಿಲ್ ಹಾಕಿದ್ರು. ಮಳೆಗಾಲದಲ್ಲಿ ಬೆಳಿಗ್ಗೆ ಪಂಪ್ ಶುರು ಮಾಡುವ ಮೊದ್ಲು ಟ್ಯಾಂಕಿನ ತಳದ ಡ್ರೈನ್ ಒಮ್ಮೆ ಸ್ವಲ್ಪ ಬಿಡಿ, ಕೆಳಗೆ ನಿಂತ ನೀರು ಮೊದ್ಲು ಬರ್ತದೆ ಅಂತ ನಮ್ಮ ಹುಡುಗರಿಗೆ ಮಾಡಿ ತೋರಿಸಿದ್ರು.

ಸೆಗ್ಮೆಂಟ್ ಜಾರುವ ಪ್ಲೇಟುಗಳಲ್ಲಿ ಹಳೇ ಗ್ರೀಸು, ಧೂಳು, ತಗಡಿನ ಪುಡಿ ಸೇರಿ ಕಲ್ಲಿನ ಹಾಗೆ ಗಟ್ಟಿ ಆಗಿತ್ತು. ಒಂದು ಸೆಗ್ಮೆಂಟ್ ಪೂರ್ತಿ ಮೇಲೆ ಬರ್ತಿರ್ಲಿಲ್ಲ, ಮ್ಯಾಂಡ್ರಲ್ ಉರುಟಾಗಿ ಅಗಲ ಆಗ್ತಿರ್ಲಿಲ್ಲ, ಕಾಯ್ಲ್ ತಿರುಗುವಾಗ ಒಲೀತಿತ್ತು. ಗ್ರೀಸ್ ತುಂಬುವ ನಿಪ್ಪಲಿಗೆ ಗ್ರೀಸ್ ಗನ್ ಇಟ್ಟು ಹೊಡೆದ್ರೆ ಸಾಕು ಅಂತ ಎಲ್ಲರೂ ತಿಳ್ಕೊಳ್ತಾರೆ, ಒಳಗೆ ದಾರಿ ಮುಚ್ಚಿದ್ರೆ ಗ್ರೀಸ್ ಎಲ್ಲಿ ಹೋಗ್ಬೇಕು ಹೇಳಿ? ಡೀಸೆಲಲ್ಲಿ ತೊಳೆದು, ನಿಪ್ಪಲ್ ಎಲ್ಲ ಬದಲಿಸಿ ಹೊಸ ಗ್ರೀಸ್ ತುಂಬಿಸಿದ್ರು.

ಇನ್ನು ಬ್ರೇಕಿನ ವಿಷ್ಯ. ಇದನ್ನ ಎಲ್ಲ ಆಪರೇಟರುಗಳೂ ತಿಳ್ಕೊಳ್ಳಲೇಬೇಕು. 0.5 ಮಿ.ಮೀ. ದಪ್ಪ, 1220 ಅಗಲದ 5 ಟನ್ ಕಾಯ್ಲಲ್ಲಿ ಸಾವಿರ ಮೀಟರ್ ದಾಟಿ ತಗಡು ಇರ್ತದೆ, ತುಂಬಿದಾಗ ಹೊರಗಿನ ವ್ಯಾಸ 950 ಮಿ.ಮೀ. ಆಸುಪಾಸು. ಒಳಗಿನದ್ದು 508. ಬ್ರೇಕ್ ಒಂದೇ ಸೆಟ್ಟಿಂಗಲ್ಲಿ ಬಿಟ್ರೆ ಕಾಯ್ಲ್ ಸಣ್ಣ ಆದ ಹಾಗೆ ತಗಡಿನ ಮೇಲೆ ಎಳೆತ ಜಾಸ್ತಿ ಆಗ್ತಾ ಹೋಗ್ತದೆ, ಕೊನೆಗೆ ಹತ್ರ ಹತ್ರ ಎರಡು ಪಟ್ಟು. ಹಾಗೆ ನೋಡಿದ್ರೆ ಕೊನೆಯಲ್ಲಿ ಭಾರ ಕಮ್ಮಿ ಆದ ಕಾರಣ ಬ್ರೇಕೇ ಅಷ್ಟು ಬೇಡ. ನಮ್ಮ ಲೈನಲ್ಲಿ ಎನ್‌ಕೋಡರ್ (ಉದ್ದ ಅಳೆಯುವ ಸೆನ್ಸರ್) ಇರೋದು ರೋಲ್ ಶಾಫ್ಟಲ್ಲಿ, ಹಿಂದಿಂದ ಬ್ರೇಕ್ ಎಳೆದ್ರೆ ರೋಲ್ ತಿರುಗ್ತದೆ ಆದ್ರೆ ತಗಡು ಅಷ್ಟು ಮುಂದೆ ಬರೋದಿಲ್ಲ, ಕಂಟ್ರೋಲರ್ 6 ಮೀಟರ್ ಆಯ್ತು ಅಂತ ಕಟ್ ಮಾಡ್ತದೆ, ಶೀಟ್ ಕಮ್ಮಿ ಬರ್ತದೆ. ರೋಲ್ ಗ್ರೈಂಡ್ ಮಾಡಿ ಎಷ್ಟು ದುಡ್ಡು ಹಾಕಿದ್ರೂ ಇದು ಸರಿ ಆಗ್ತಿರ್ಲಿಲ್ಲ! ಇವ್ರು ಬ್ರೇಕ್ ಲೈನಿಂಗ್ ಬಿಚ್ಚಿದಾಗ ಅದಕ್ಕೆ ಪವರ್ ಪ್ಯಾಕಿನ ಹೋಸಿಂದ ಸೋರಿದ ಆಯಿಲ್ ಕುಡಿಸಿದ ಹಾಗೆ ಆಗಿತ್ತು, ಒಮ್ಮೆ ಹಿಡೀತಿತ್ತು ಒಮ್ಮೆ ಬಿಡ್ತಿತ್ತು. ಹೊಸ ಲೈನಿಂಗ್ ಹಾಕಿ, ಅಡ್ಜಸ್ಟ್ ಮಾಡುವ ಹಿಡಿಕೆ ಹತ್ರ ಕೆಂಪು ಪೇಂಟಲ್ಲಿ ಮೂರು ಗುರುತು ಹಾಕಿ ಕೊಟ್ರು, ತುಂಬಿದ ಕಾಯ್ಲಿಗೆ ಒಂದು, ಅರ್ಧಕ್ಕೆ ಒಂದು, ಕೊನೆಗೆ ಒಂದು. ಈಗ ನಮ್ಮ ಹುಡುಗರು ಕಾಯ್ಲ್ ನೋಡಿ ಹಿಡಿಕೆ ತಿರುಗಿಸ್ತಾರೆ, ಉದ್ದ ಮೊದಲ ಶೀಟಿಂದ ಕೊನೆ ಶೀಟ್ ತನಕ ಒಂದೇ ಬರ್ತದೆ.

ಅಂಚಿನ ಅಲೆಗೆ ಕಾರಣ ಅಲೈನ್‌ಮೆಂಟ್. ರೋಲ್ ಸ್ಟ್ಯಾಂಡುಗಳ ಸೆಂಟರ್ ಹಿಡಿದು ದಾರ ಕಟ್ಟಿ ಹಿಂದಿನ ತನಕ ಎಳೆದು ನೋಡಿದ್ರೆ ಡಿಕಾಯ್ಲರ್ ಒಂದು ಬದಿಗೆ ಸರಿದಿತ್ತು, ಫೌಂಡೇಶನ್ ಬೋಲ್ಟ್ ಎರಡು ಸಡಿಲ. ತಗಡು ಓರೆಯಾಗಿ ಒಳಗೆ ಹೋದ್ರೆ ಒಂದು ಅಂಚಿಗೆ ಎಳೆತ ಜಾಸ್ತಿ ಬೀಳ್ತದೆ. ಆದ್ರೆ ಅದನ್ನ ಸರಿ ಮಾಡುವ ಮೊದ್ಲು ಕೂಡ ಒಂದು ಚೆಕ್ ಮಾಡಿದ್ರು, ಸ್ವಲ್ಪ ಉದ್ದದ ತಗಡು ನೆಲದ ಮೇಲೆ ಹಾಸಿ ಅದ್ರ ಅಂಚಿಗೆ ದಾರ ಹಿಡಿದು ಬಾಗು ಉಂಟಾ ನೋಡಿದ್ರು. ಕಾಯ್ಲೇ ಬಾಗಿದ್ರೆ ಮೆಷಿನಿಗೆ ಬೈದು ಪ್ರಯೋಜನ ಇಲ್ಲ. ಒಂದು ಕಾಯ್ಲಲ್ಲಿ ಮಾತ್ರ ಬಂದ್ರೆ ಕಾಯ್ಲಿನ ದೋಷ, ಎಲ್ಲ ಕಾಯ್ಲಲ್ಲೂ ಒಂದೇ ಬದಿಗೆ ಹೋದ್ರೆ ಅಲೈನ್‌ಮೆಂಟ್ ಅಂತ ಹೇಳಿದ್ರು.

ನನಗೆ ತುಂಬ ಇಷ್ಟ ಆದದ್ದು ಇವ್ರ ಜಾಗ್ರತೆ. ಹೊಸ ಕಾಯ್ಲ್ ಏರಿಸಿದ ಮೇಲೆ ನಮ್ಮ ಹೆಲ್ಪರ್ ಎದುರಲ್ಲಿ ನಿಂತು ಕಾಯ್ಲಿಗೆ ಬಿಗಿದ ಪಟ್ಟಿ ಕಟ್ ಮಾಡ್ಲಿಕ್ಕೆ ಹೋದ, ಫಿಟ್ಟರ್ ಕೈ ಹಿಡಿದು ನಿಲ್ಸಿದ್ರು. "ಮಗ, ಮೊದ್ಲು ಮೇಲಿನ ಆರ್ಮ್ ಇಳಿಸು, ಕಾಯ್ಲನ್ನ ಅದು ಒತ್ತಿ ಹಿಡೀಲಿ, ಆಮೇಲೆ ಬದಿಯಲ್ಲಿ ನಿಂತು ಕಟ್ ಮಾಡು" ಅಂದ್ರು. ಪಟ್ಟಿ ಬಿಟ್ಟ ಕೂಡ್ಲೆ ಹೊರಗಿನ ಸುತ್ತು ಸ್ಪ್ರಿಂಗ್ ಆಗಿ ಬಿಚ್ಚಿಕೊಳ್ತದೆ, ತಗಡಿನ ಅಂಚು ಮುಖಕ್ಕೋ ಕುತ್ತಿಗೆಗೋ ಬಂದ್ರೆ ಮುಗೀತು. ನಮ್ಮ ಆರ್ಮಿನ ತುದಿಯ ರಬ್ಬರ್ ಚಕ್ರ ಸವೆದು ಬೋಲ್ಟ್ ತಲೆ ಶೀಟಿಗೆ ತಾಗ್ತಿತ್ತು, ಕೇಳದೆನೇ ಅದನ್ನೂ ಬದಲಿಸಿದ್ರು. ರಿಪೇರಿ ಮಾಡುವಾಗ ಮೇನ್ ಸ್ವಿಚ್ ಆಫ್ ಮಾಡಿ, ಪ್ರೆಶರ್ ಪೂರ್ತಿ ಇಳಿಸಿ, ಗೇಜ್ ಸೊನ್ನೆಗೆ ಬಂತಾ ನೋಡಿಯೇ ಕೈ ಹಾಕಿದ್ದು.

ಕಮ್ಮಿ ಇರೋದು ಹೇಳ್ಬೇಕಂದ್ರೆ, ಫೋನ್ ಎತ್ತೋದು ಲೇಟ್. ಡ್ರೈವ್, ಸೆನ್ಸರಿನ ಕೆಲಸ ಇವ್ರು ಮುಟ್ಟೋದಿಲ್ಲ, ನಮ್ಮ ಲೈನಿನ ಲಿಮಿಟ್ ಸ್ವಿಚ್ ಟರ್ಮಿನಲ್ ಉಪ್ಪುಗಾಳಿಗೆ ಹಸಿರು ಹಿಡಿದಿತ್ತು, ಅದಕ್ಕೆ ಬೇರೆ ಎಲೆಕ್ಟ್ರಿಷಿಯನ್ ಕರೆಸ್ಬೇಕಾಯ್ತು. ನಮ್ಮ ಸಿಲಿಂಡರಿನ ಸೀಲ್ ಸೈಜ್ ಅವ್ರಲ್ಲಿ ಸ್ಟಾಕ್ ಇಲ್ಲದೆ ತರಿಸುವ ತನಕ ಲೈನ್ ನಿಂತಿತ್ತು, ಸೀಸನ್ನಲ್ಲಿ ಅದು ಹೊಟ್ಟೆ ಉರೀತದೆ. ಅದಕ್ಕೆ ಈಗ ಒಂದು ಸೆಟ್ ಸೀಲ್ ಕಿಟ್, ಒಂದು ಜೊತೆ ಬ್ರೇಕ್ ಲೈನಿಂಗ್ ನಮ್ಮ ಸ್ಟೋರಲ್ಲೇ ಇಟ್ಟಿದ್ದೇವೆ.

ಬಿಲ್ ರೋಲ್ ಗ್ರೈಂಡಿಂಗ್ ಕೊಟೇಶನಿನ ಹತ್ತನೇ ಒಂದು ಪಾಲೂ ಆಗ್ಲಿಲ್ಲ, ಬದಲಿಸಿದ ಹಳೇ ಪಾರ್ಟ್ ಎಲ್ಲ ಟೇಬಲ್ ಮೇಲೆ ಇಟ್ಟು ತೋರಿಸಿಯೇ ದುಡ್ಡು ತಗೊಂಡ್ರು. ಕೊನೆಗೆ ರೋಲನ್ನೂ ಗೇಜ್ ಹಿಡಿದು ನೋಡಿದ್ರು, ಇನ್ನೂ ಧಾರಾಳ ಓಡ್ತದೆ ಅಂದ್ರು, ಓಡ್ತಾ ಉಂಟು. ಐದಕ್ಕೆ ಐದು ಕೊಡ್ತೇನೆ. ಕರೆಸೋದಿದ್ರೆ ಫೆಬ್ರವರಿ ಒಳಗೆ ಕರೆಸಿ, ಏಪ್ರಿಲ್ ಆದ್ರೆ ಎಲ್ಲ ಶೀಟಿನವ್ರೂ ಇವ್ರಿಗೇ ಫೋನ್ ಮಾಡ್ತಾರೆ, ಸಿಗ್ಲಿಕ್ಕಿಲ್ಲ.