ಶಿವಮೊಗ್ಗದಲ್ಲಿ ಬಿಲ್ಡರ್ ಮನೆ: ನಾಲ್ಕು ಮಳೆಗಾಲ ಕಳೆದ ಮೇಲೆ

ಈ ವಿಮರ್ಶೆಯನ್ನು ಮನೆ ತಗೊಂಡ ಮೊದಲ ತಿಂಗಳೇ ಬರೆದಿದ್ದರೆ ಐದಕ್ಕೆ ಐದು ಸ್ಟಾರ್ ಕೊಡುತ್ತಿದ್ದೆ. ಫೆಬ್ರವರಿ 2022ರಲ್ಲಿ ಕೀ ಸಿಕ್ಕಿತು. ಸಾಗರ ರಸ್ತೆ ಕಡೆ, 24 ಮನೆಗಳ ಲೇಔಟ್, ಎಲ್ಲವೂ ಡೂಪ್ಲೆಕ್ಸ್. ಬಿಲ್ಡರ್ ಹೆಸರು ಬರೆಯುವುದಿಲ್ಲ, ಇನ್ನೂ ಒಂದು ಕೆಲಸ ಅವರ ಕೈಯಲ್ಲೇ ಮಾಡಿಸಬೇಕು. "ಮನೆ ನೋಡೋದಾದ್ರೆ ಆರಿದ್ರಾ ಮಳೆಯಲ್ಲಿ ನೋಡ್ರೋ" ಅಂತ ಅಮ್ಮ ಹೇಳಿದ್ದರು. ಅವರು ತೀರ್ಥಹಳ್ಳಿ ಕಡೆಯ ಹೆಂಚಿನ ಮನೆಯಲ್ಲಿ ಬಾಳಿದವರು. ನಾವು ಕೇಳಲಿಲ್ಲ, ಬಿಸಿಲಲ್ಲಿ ನೋಡಿ ಅಡ್ವಾನ್ಸ್ ಕೊಟ್ಟೆವು.

ಜುಲೈನಲ್ಲಿ ಮೆಟ್ಟಿಲ ಮೇಲಿನ ಮೂಲೆಯಲ್ಲಿ ಅಂಗೈಯಗಲದ ಕಲೆ ಕಾಣಿಸಿತು. ಚಹಾ ಚೆಲ್ಲಿದ ಬಣ್ಣ. ನಾಲ್ಕನೇ ದಿನಕ್ಕೆ ಪೇಂಟ್ ಗುಳ್ಳೆ ಎದ್ದಿತು, ಒತ್ತಿದರೆ ಒಳಗೆ ನೀರು ಅಲ್ಲಾಡುತ್ತಿತ್ತು. ಅದು ಒಡೆದ ರಾತ್ರಿಯಿಂದ ಮೆಟ್ಟಿಲ ಮೇಲೆ ಒಂದು ನೀಲಿ ಬಕೆಟ್ ಬಂದು ಕೂತಿತು.

ಮೇಲೆ ಹತ್ತಿ ನೋಡಿದರೆ ತಾರಸಿಯ ವಾಟವೇ, ಅಂದರೆ ನೀರು ಹರಿಯುವ ಇಳಿಜಾರೇ, ತಪ್ಪಿದೆ. ನೀರು ಹೋಗುವ ಪೈಪು ಒಂದು ಮೂಲೆಯಲ್ಲಿ, ನೀರು ನಿಲ್ಲುವುದು ಇನ್ನೊಂದು ಮೂಲೆಯಲ್ಲಿ. ಮಳೆ ಬಿಟ್ಟು ಎರಡು ದಿನವಾದರೂ ಪಾದ ಮುಳುಗುವಷ್ಟು ನೀರು, ಸುತ್ತ ಪಾಚಿ. ಪ್ಯಾರಾಪೆಟ್ ಗೋಡೆ ತಾರಸಿಗೆ ಕೂರುವ ಮೂಲೆಯಲ್ಲಿ ಗಾರೆಯನ್ನು ಇಳಿಜಾರಾಗಿ, ಉರುಟಾಗಿ ಕಟ್ಟಬೇಕಿತ್ತು. ನಮ್ಮಲ್ಲಿ ಅಲ್ಲಿ ಉಗುರು ಹೋಗುವಷ್ಟು ಸಂದು. ನಿಂತ ನೀರಿಗೆ ಅಷ್ಟು ಸಾಕಲ್ವಾ.

ಬಿಲ್ಡರ್ ಕಡೆಯ ಎಂಜಿನಿಯರ್ ಬಂದ. ಹುಡುಗ ಒಳ್ಳೆಯವನೇ, ಫೋನ್ ಎತ್ತುತ್ತಿದ್ದ, ಅದೇ ದೊಡ್ಡದು. ಮೇಲೆ ನೋಡಿ, "ಸಾರ್, ಇದು ಮಲ್ನಾಡು. ಮೇಲೊಂದು ಶೀಟಿನ ಚಾವಣಿ ಹಾಕಿಸ್ಬಿಡಿ, ಇಲ್ಲಿ ಎಲ್ರೂ ಹಾಕಿಸ್ತಾರೆ" ಅಂದ. ಎಲ್ಲರೂ ಹಾಕಿಸುವುದು ನಿಜ. ಆದರೆ ಮಲೆನಾಡಲ್ಲಿ ಮಳೆ ಬರುತ್ತೆ ಅನ್ನುವುದು ಮನೆ ಕಟ್ಟಿದವರಿಗೆ ಮೊದಲೇ ಗೊತ್ತಿರಲಿಲ್ವಾ? ನಮ್ಮ ಪಕ್ಕದ ಮನೆಯವರು ಬೇಸತ್ತು ತಮ್ಮ ದುಡ್ಡಲ್ಲೇ ಶೀಟ್ ಹಾಕಿಸಿದರು. ಅದಕ್ಕೆ ಪ್ಯಾರಾಪೆಟ್ ಮೇಲೆ ಕಂಬ ನಿಲ್ಲಿಸಬೇಕಾಯಿತು. ಆಮೇಲೆ ಅವರ ಗೋಡೆಯಲ್ಲಿ ಬಿರುಕು ಬಂದಾಗ ಬಿಲ್ಡರ್ ಹೇಳಿದ್ದು, "ನೀವು ಕಟ್ಟಡ ಬದಲಾಯಿಸಿದ್ದೀರಿ, ವಾರಂಟಿ ಇಲ್ಲ." ಆ ಮಾತು ಕೇಳಿದ್ದರಿಂದ ನಾನು ಶೀಟ್ ಹಾಕಿಸದೆ ಬಕೆಟ್ ಜೊತೆ ಬದುಕಿದೆ.

2022ರ ಡಿಸೆಂಬರ್‌ನಲ್ಲಿ ಇಬ್ಬರು ಬಂದು ಮೂಲೆಗೆ ಯಾವುದೋ ಬಿಳಿ ಪೇಂಟ್ ಹೊಡೆದು ಹೋದರು. 2023ರಲ್ಲಿ ಒಂದು ಹನಿಯೂ ಸೋರಲಿಲ್ಲ. ನಾನೂ ಖುಷಿಯಾಗಿ "ಕೆಲಸ ಚೆನ್ನಾಗಿದೆ, ಥ್ಯಾಂಕ್ಸ್" ಅಂತ ಮೆಸೇಜ್ ಹಾಕಿದೆ. ಮಾಡಿದ ತಪ್ಪುಗಳಲ್ಲಿ ಅದೇ ದೊಡ್ಡದು. ಆ ವರ್ಷ ರಾಜ್ಯಕ್ಕೇ ಬರ, ಮಳೆಯೇ ಸರಿಯಾಗಿ ಬಂದಿರಲಿಲ್ಲ. 2024ರ ಜುಲೈನಲ್ಲಿ ಹಿಡಿದ ಮಳೆಗೆ ಅದೇ ಮೂಲೆ ಮತ್ತೆ ಸೋರಿತು, ಜೊತೆಗೆ ಮಕ್ಕಳ ರೂಮಿನ ಗೋಡೆಗೂ ಬೂಷ್ಟು ಬಂತು. ಬಿಲ್ಡರ್ ನನ್ನ ಥ್ಯಾಂಕ್ಸ್ ಮೆಸೇಜನ್ನೇ ತೋರಿಸಿ, "ನೀವೇ ಸರಿಯಾಗಿದೆ ಅಂದಿದ್ರಲ್ಲ" ಅಂದರು. ರಿಪೇರಿ ಆಗಿದೆ ಅಂತ ಬರೆದುಕೊಡುವ ಮುಂಚೆ ನೀವು ತಾರಸಿಯ ಪೈಪಿಗೆ ಬಟ್ಟೆ ತುರುಕಿ, ಎರಡು ಇಂಚು ನೀರು ಕಟ್ಟಿ, ಎರಡು ದಿನ ಬಿಟ್ಟು ಕೆಳಗಿನ ಸೀಲಿಂಗ್ ನೋಡಿ. ಮಳೆಗಾಲಕ್ಕೆ ಕಾಯುವ ಕೆಲಸವೇ ಇಲ್ಲ.

ಇನ್ನು ವಾರಂಟಿ. ಸೇಲ್ ಅಗ್ರಿಮೆಂಟಿನಲ್ಲಿ ಒಂದು ವರ್ಷ ಅಂತಿತ್ತು, ಸಣ್ಣ ಬಿರುಕು ಸೇರಿಲ್ಲ ಅಂತಲೂ ಇತ್ತು. ನಾನು ಅದನ್ನೇ ನಂಬಿ ಕೈಚೆಲ್ಲಿದ್ದೆ. ಪರಿಚಯದ ವಕೀಲರೊಬ್ಬರು ರೇರಾ, ಅಂದರೆ ರಿಯಲ್ ಎಸ್ಟೇಟ್ (ನಿಯಂತ್ರಣ ಮತ್ತು ಅಭಿವೃದ್ಧಿ) ಕಾಯ್ದೆ ತೆಗೆದು ತೋರಿಸಿದರು. 2016ರ ಕಾಯ್ದೆ, ಸೆಕ್ಷನ್ 14ರ ಮೂರನೇ ಉಪವಿಭಾಗ. ಮನೆ ಕೈಗೆ ಬಂದ ದಿನದಿಂದ 5 ವರ್ಷದೊಳಗೆ ಕಟ್ಟಡದ ದೋಷವನ್ನಾಗಲಿ, ಕೆಲಸದ ಗುಣಮಟ್ಟದ ದೋಷವನ್ನಾಗಲಿ ನಾವು ತಿಳಿಸಿದರೆ ಬಿಲ್ಡರ್ 30 ದಿನದಲ್ಲಿ ಪುಕ್ಕಟೆ ಸರಿಮಾಡಬೇಕು, ಮಾಡದಿದ್ದರೆ ಪರಿಹಾರ ಕೊಡಬೇಕು. ಅಗ್ರಿಮೆಂಟಿನಲ್ಲಿ ಒಂದೇ ವರ್ಷ ಅಂತ ಬರೆದರೂ ಇದು ಕಡಿಮೆ ಆಗುವುದಿಲ್ಲ ಅಂದರು. ಆದರೆ ಎಲ್ಲ ಕಟ್ಟಡಕ್ಕೂ ರೇರಾ ನೋಂದಣಿ ಕಡ್ಡಾಯವಲ್ಲ. ಜಾಗ 500 ಚದರ ಮೀಟರಿಗಿಂತ ಹೆಚ್ಚಿಲ್ಲದಿದ್ದರೆ ಅಥವಾ ಮನೆಗಳು 8 ದಾಟದಿದ್ದರೆ ನೋಂದಣಿ ಬೇಕಿಲ್ಲ. ಹಾಗಾಗಿ ಸಣ್ಣ ಕಟ್ಟಡದಲ್ಲಿ ತಗೊಳ್ಳುವವರು ಇದನ್ನು ಮೊದಲೇ ನೋಡಿಕೊಳ್ಳಿ. ನಮ್ಮದು 24 ಮನೆ, ನೋಂದಣಿ ನಂಬರ್ ಇತ್ತು.

ಫೋನ್, ವಾಟ್ಸಾಪ್ ಎಲ್ಲ ಬಿಟ್ಟು ರಿಜಿಸ್ಟರ್ಡ್ ಪೋಸ್ಟಿನಲ್ಲಿ ಎರಡು ಪುಟದ ಪತ್ರ ಹಾಕಿದೆ. ಯಾವ ಮೂಲೆ, ಯಾವ ತಾರೀಕು, ಫೋಟೋ, ಸೆಕ್ಷನ್ ನಂಬರ್, ಅಷ್ಟೇ. ಬೈಗುಳ ಒಂದೂ ಇಲ್ಲ, ಬರೆಯುವಾಗ ಬಹಳ ಕಷ್ಟಪಟ್ಟೆ. ಮಕ್ಕಳ ರೂಮಿನ ಗೋಡೆಯಲ್ಲಿ ಒಂದು ಬಿರುಕೂ ಇತ್ತು, ಅದರ ತುದಿಗೆ ಪೆನ್ಸಿಲ್ ಗೀಟು ಹಾಕಿ ಪಕ್ಕದಲ್ಲಿ ತಾರೀಕು ಬರೆದಿದ್ದೆ. ಮೂರು ತಿಂಗಳಲ್ಲಿ ಬಿರುಕು ಮೂರು ಗೀಟು ದಾಟಿತ್ತು. ಅದು ಕಾಲಮ್‌ಗೆ ಬ್ಲಾಕ್ ಗೋಡೆ ಸೇರುವ ಜಾಗ. ಪ್ಲಾಸ್ಟರ್ ಮಾಡುವ ಮುಂಚೆ ಅಲ್ಲಿ ಬಲೆಯಂಥ ಮೆಶ್ ಹೊಡೆಯಬೇಕು, ಹೊಡೆದಿರಲಿಲ್ಲ. ಆ ಫೋಟೋ ನೋಡಿದ ಮೇಲೆ "ಹೇರ್‌ಲೈನ್ ಸಾರ್, ಕಾಮನ್" ಅನ್ನುವ ಮಾತು ನಿಂತಿತು.

30 ದಿನದಲ್ಲಿ ಬಂದರಾ? ಇಲ್ಲ. ರೇರಾ ಪ್ರಾಧಿಕಾರಕ್ಕೆ ಆನ್‌ಲೈನ್ ದೂರು ಹಾಕುತ್ತೇನೆ ಅಂತ ಇನ್ನೊಂದು ಪತ್ರ ಹಾಕಿದ ಮೇಲೆ, ಕೊನೆಗೆ 2025ರ ಮೇ ಮಧ್ಯದಲ್ಲಿ ಬಂದರು. ಹಳೇ ಗಾರೆ ಪೂರ್ತಿ ಕಿತ್ತು ಹಾಕಿದರು. "ಮಳೆಗೆ ಇನ್ನೂ ಟೈಮಿದೆ" ಅಂದ ಮೇಸ್ತ್ರಿ. ಆ ವರ್ಷ ಮೇ ಕೊನೆಯ ವಾರಕ್ಕೇ ಮುಂಗಾರು ಬಂತು! ಕಿತ್ತ ತಾರಸಿ ಮೇಲೆ ಅಡಿಕೆಗೆ ಮುಚ್ಚುವ ಟಾರ್ಪಾಲು ಹೊದಿಸಿ, ಕಲ್ಲು ಹೇರಿ, ರಾತ್ರಿ ಎದ್ದು ಎದ್ದು ನೀರು ಬಳಿದೆವು. ಮಳೆ ಬಿಡುವು ಕೊಟ್ಟಾಗ ಹೊಸ ವಾಟ ಕೊಟ್ಟು, ಮೂಲೆ ಕಟ್ಟಿ, ಇನ್ನೊಂದು ಕಡೆ ಹೊಸ ಪೈಪು ಇಟ್ಟರು. ಮೇಲೆ ನೀರು ಹಿಡಿಯಲು ಮಳೆಯೇ ಇತ್ತು, ಕ್ಯೂರಿಂಗಿಗೆ ಯಾರೂ ಬರಬೇಕಾಗಲಿಲ್ಲ.

ಆಮೇಲೆ ಆ ಮಳೆಗಾಲವಿಡೀ ಮೂಲೆ ಸೋರಿಲ್ಲ. ಬಿರುಕಿಗೂ ಮೆಶ್ ಹಾಕಿ ಪ್ಲಾಸ್ಟರ್ ಮಾಡಿದ್ದಾರೆ, ಪೇಂಟ್ ಮಾತ್ರ ಪಕ್ಕದ ಗೋಡೆಗೆ ಹೊಂದುವುದಿಲ್ಲ. ಹಾಲ್‌ನಲ್ಲಿ ಹನ್ನೊಂದು ಟೈಲ್ಸ್ ನಾಣ್ಯದಿಂದ ತಟ್ಟಿದರೆ ಪೊಳ್ಳು ಶಬ್ದ ಬರುತ್ತೆ. "ಇದು ದೋಷ ಅಲ್ಲ" ಅನ್ನುತ್ತಾರೆ, ಆ ವಾದ ಇನ್ನೂ ಮುಗಿದಿಲ್ಲ. ಮೋಟಾರ್, ಗೀಸರ್ ಎರಡಕ್ಕೂ ಕಂಪನಿ ವಾರಂಟಿ ಇತ್ತಂತೆ, ಬಿಲ್ ಬಿಲ್ಡರ್ ಹತ್ತಿರವೇ ಉಳಿದು ನಮಗೆ ಉಪಯೋಗಕ್ಕೆ ಬರಲಿಲ್ಲ. ಕೀ ತಗೊಳ್ಳುವ ದಿನವೇ ಬಿಲ್ ಕೇಳಿ ಇಸ್ಕೊಳ್ಳಿ.

ಜಾಗ, ಗಾಳಿ, ಬೆಳಕು, ನೆರೆಹೊರೆ ಎಲ್ಲ ಚೆನ್ನಾಗಿದೆ, ಅದಕ್ಕೆ ಎರಡು ಸ್ಟಾರ್. ಹುಡುಗ ಎಂಜಿನಿಯರ್ ಫೋನ್ ಎತ್ತಿದ್ದಕ್ಕೆ ಅರ್ಧ. ಅಮ್ಮನ ರೇಟಿಂಗ್ ಬೇರೆ: "ನಮ್ಮನೆಗೆ ವರ್ಷಕ್ಕೊಂದು ಸಲ ಹೆಂಚು ಕೈಯಾಡಿಸಿದ್ರೆ ಮುಗೀತಿತ್ತು, ಇದಕ್ಕೆ ವಕೀಲರು ಬೇಕು."

ಐದು ವರ್ಷ ತುಂಬುವುದು ಫೆಬ್ರವರಿ 2027ಕ್ಕೆ. ಅಷ್ಟರೊಳಗೆ ಟೈಲ್ಸ್ ಬಗ್ಗೆಯೂ ಪತ್ರ ಹಾಕಬೇಕು. ನೀಲಿ ಬಕೆಟ್ ಈಗ ಬಚ್ಚಲಿಗೆ ಹೋಗಿದೆ.